ಡ್ಯೂರರ್ ಅಂಗಡಿಯ ಲೆಕ್ಕ: ಕಲೆಗೆ ಬಿಡುವು ಎಲ್ಲಿಂದ ಬಂತು?

1509ರ ಆಗಸ್ಟ್ 26ರಂದು ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಿಂದ ಫ್ರಾಂಕ್‌ಫರ್ಟಿನ ಬಟ್ಟೆ ವ್ಯಾಪಾರಿ ಯಾಕೋಬ್ ಹೆಲ್ಲರನಿಗೆ ಒಂದು ಕಾಗದ ಹೋಯಿತು. ಬರೆದವನು ಚಿತ್ರಕಾರನೂ ಕೆತ್ತನೆಗಾರನೂ ಆದ ಆಲ್ಬ್ರೆಕ್ಟ್ ಡ್ಯೂರರ್. ಚರ್ಚಿನ ಪೂಜಾವೇದಿಕೆಗೆಂದು ಹೆಲ್ಲರ್ ಹೇಳಿ ಮಾಡಿಸಿದ ಚಿತ್ರ ಎರಡು ವರ್ಷದ ಎಳೆದಾಟದ ನಂತರ ಮುಗಿದಿತ್ತು. ಕಾಗದದಲ್ಲಿ ಸಮಾಧಾನಕ್ಕಿಂತ ಬೇಸರವೇ ಹೆಚ್ಚು. ಇಷ್ಟು ಶ್ರಮದ ಚಿತ್ರವನ್ನು ಇನ್ನು ಯಾರು ಹೇಳಿದರೂ ಬರೆಯುವುದಿಲ್ಲ. ಇಂಥದ್ದೇ ಒಂದಕ್ಕೆ 400 ಗುಲ್ಡನ್ (ಅಲ್ಲಿನ ಚಿನ್ನದ ನಾಣ್ಯ) ಕೊಡುತ್ತೇನೆಂದು ಬಂದವನನ್ನೂ ವಾಪಸು ಕಳಿಸಿದೆ, ಒಪ್ಪಿದ್ದರೆ ಭಿಕ್ಷೆ ಎತ್ತಬೇಕಾಗುತ್ತಿತ್ತು. ಮೊದಲಿನಿಂದ ಕೆತ್ತನೆಯನ್ನೇ ಹಿಡಿದಿದ್ದರೆ ಇವತ್ತು ಇನ್ನೂ 1,000 ಗುಲ್ಡನ್ ಕೈಯಲ್ಲಿರುತ್ತಿತ್ತು. ಅದರ ಸಾರ ಇಷ್ಟು.

ಆಗ ಡ್ಯೂರರನಿಗೆ 38 ವರ್ಷ. ವೆನಿಸ್ಸಿನಲ್ಲೂ ಹೆಸರು ಮಾಡಿ ಬಂದಿದ್ದ. ಅದೇ ಬೇಸಗೆಯಲ್ಲಿ ಕೋಟೆಬಾಗಿಲ ಹತ್ತಿರ ದೊಡ್ಡ ಮನೆ ಕೊಂಡಿದ್ದ. ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು, ಬೆಲೆ ಏರುತ್ತಿತ್ತು, ಆದರೂ ಇವನು ನಷ್ಟವೆನ್ನುತ್ತಿದ್ದ. ಅಲ್ಲಿಂದ ಐದು ವರ್ಷದೊಳಗೆ, ಯಾರೂ ಆರ್ಡರ್ ಕೊಟ್ಟ ದಾಖಲೆಯಿಲ್ಲದ ಮೂರು ತಾಮ್ರಕೆತ್ತನೆಗಳು ಅವನ ಕೈಯಿಂದ ಬಂದವು. ಯುರೋಪಿನ ಮುದ್ರಣಕಲೆಯಲ್ಲಿ ಅವುಗಳ ಸರಿಸಮಕ್ಕೆ ನಿಲ್ಲುವಂಥವು ಕಡಿಮೆ. ಈ ಎರಡು ತುದಿಗಳ ನಡುವೆ ಅಂಗಡಿಯೊಳಗೆ ಏನು ನಡೆಯಿತು ಎಂಬುದೇ ಈ ಪ್ರಕರಣ. ಕಲೆಯನ್ನು ನಂಬಿ ಬದುಕಬೇಕೆಂದಿರುವ ಯಾರಿಗೇ ಆಗಲಿ ಇದು ಹಳೆಯ ಕಥೆಯಾಗಿ ಕಾಣಲಾರದು. ಕಾಗದ, ದಿನಚರಿ, ಒಪ್ಪಂದ, ನಗರಸಭೆಯ ಆದೇಶಗಳು ಉಳಿದಿರುವುದರಿಂದ ಲೆಕ್ಕವನ್ನು ಊಹೆಯಿಂದ ತುಂಬಬೇಕಾಗಿಲ್ಲ.

ಅಂಗಡಿ ಇಟ್ಟ ಬಗೆ

ಡ್ಯೂರರ್ ಅಕ್ಕಸಾಲಿಯ ಮಗ. ಲೋಹದ ಮೇಲೆ ಉಳಿ ಓಡಿಸುವುದನ್ನು ಅಪ್ಪನ ಕೈಕೆಳಗೇ ಕಲಿತ. 1486ರ ಕೊನೆಗೆ ಚಿತ್ರಕಾರ ಮಿಖಾಯೆಲ್ ವೋಲ್ಗೆಮುಟ್ಟನ ಬಳಿ ಮೂರು ವರ್ಷದ ಶಿಷ್ಯತ್ವಕ್ಕೆ ಸೇರಿದ. ಆ ಕಾರ್ಯಶಾಲೆಯಲ್ಲಿ ಚಿತ್ರ ಬರೆಯುವುದರ ಜೊತೆಗೆ ಪುಸ್ತಕಗಳಿಗೆ ಮರದಚ್ಚುಗಳನ್ನೂ ಮಾಡುತ್ತಿದ್ದರು. ಡ್ಯೂರರನ ಧರ್ಮಪಿತ ಆಂಟನ್ ಕೋಬರ್ಗರ್ ದೊಡ್ಡ ಮುದ್ರಕ. 1493ರಲ್ಲಿ ಅವನು ಹೊರತಂದ ಜಗತ್ತಿನ ಚರಿತ್ರೆಯ ಪುಸ್ತಕದಲ್ಲಿ ಸುಮಾರು 1,800 ಚಿತ್ರಗಳಿದ್ದವು, ಅಚ್ಚುಗಳು ಮಾತ್ರ 645. ಒಂದೇ ಊರಿನ ಚಿತ್ರ ಹೆಸರು ಬದಲಿಸಿಕೊಂಡು ಇನ್ನೊಂದು ಊರಾಗಿ ಮತ್ತೆ ಬರುತ್ತದೆ, ಒಬ್ಬ ರಾಜನ ಮುಖವೇ ಇನ್ನೊಬ್ಬನದೂ ಆಗುತ್ತದೆ! ಒಮ್ಮೆ ಮಾಡಿದ ಕೆಲಸ ಹಲವು ಸಲ ದುಡಿಯಬಲ್ಲದು ಎಂಬುದನ್ನು ಡ್ಯೂರರ್ ಕಂಡದ್ದು ಇಂಥ ಮಂದಿಯ ನಡುವೆ.

1494ರಲ್ಲಿ ಆಗ್ನೆಸ್ ಫ್ರೈಯೊಂದಿಗೆ ಮದುವೆ, ಬಂದ ವರದಕ್ಷಿಣೆ 200 ಗುಲ್ಡನ್. ಮರುವರ್ಷ ಸ್ವಂತ ಕಾರ್ಯಶಾಲೆ. 1498ರಲ್ಲಿ, 27ರ ವಯಸ್ಸಿಗೆ, ಬೈಬಲ್ಲಿನ ಕೊನೆಯ ಪುಸ್ತಕದ ಪ್ರಳಯದರ್ಶನವನ್ನು 15 ದೊಡ್ಡ ಮರದಚ್ಚುಗಳಲ್ಲಿ ಮಾಡಿ, ಜರ್ಮನ್ ಮತ್ತು ಲ್ಯಾಟಿನ್ ಎರಡೂ ಭಾಷೆಗಳಲ್ಲಿ ಪುಸ್ತಕವಾಗಿ ತಾನೇ ಪ್ರಕಟಿಸಿದ. ಯಾವ ಚರ್ಚೂ ಯಾವ ಪ್ರಕಾಶಕನೂ ಇದನ್ನು ಕೇಳಿರಲಿಲ್ಲ. ಹಾಳೆಯ ಒಂದು ಮಗ್ಗುಲಿಗೆ ಪೂರ್ತಿ ಚಿತ್ರ, ಅದರ ಬೆನ್ನಿಗೆ ಪಠ್ಯ. ಅಲ್ಲಿಯವರೆಗೆ ಪಠ್ಯದ ನಡುವೆ ಜಾಗ ಬಿಟ್ಟು ಚಿತ್ರ ತುರುಕುವುದು ರೂಢಿ. ಇಲ್ಲಿ ಪಠ್ಯವೇ ಚಿತ್ರದ ಹಿಂದೆ ಸರಿದು ನಿಂತಿತು.

ಇದಕ್ಕೂ ಒಂದು ವರ್ಷ ಮೊದಲೇ ಅವನು ಮಾಡಿದ್ದ ಒಂದು ಕೆಲಸ ನಮಗೆ ಅಷ್ಟೇ ಮುಖ್ಯ. 1497ರ ಜುಲೈಯಲ್ಲಿ ಕೋಂಟ್ಸ್ ಸ್ವೈಟ್ಸರ್ ಎಂಬ ಮಾರಾಟಗಾರನೊಂದಿಗೆ ಬರಹದ ಒಪ್ಪಂದ: ಅಚ್ಚುಚಿತ್ರಗಳನ್ನು ಹೊತ್ತು ಊರಿಂದೂರಿಗೆ ಹೋಗಿ ಮಾರಬೇಕು. ದೊಡ್ಡ ಪುಸ್ತಕ ಹೊರಬರುವ ಮೊದಲೇ ಮಾರುವ ಕಾಲುಗಳು ಸಿದ್ಧವಾಗಿದ್ದವು. ನಮ್ಮಲ್ಲಿ ಬಹಳ ಕಲಾವಿದರು ಮಾಡುವುದು ಇದರ ತಿರುವುಮುರುವು. ಮೊದಲು ಮನೆ ತುಂಬ ಕೃತಿ, ಆಮೇಲೆ ಯಾರಿಗೆ ಮಾರುವುದೆಂಬ ಯೋಚನೆ.

ಹೆಲ್ಲರ್ ಚಿತ್ರ: ಎಲ್ಲಿ ತಪ್ಪಿತು

ಇಷ್ಟೆಲ್ಲ ಇದ್ದವನು 1507ರಲ್ಲಿ ಸಿಕ್ಕಿಬಿದ್ದದ್ದು ಹೇಗೆ? ಅದಕ್ಕೆ ವೆನಿಸ್ಸಿಗೆ ಹೋಗಬೇಕು. 1505ರಿಂದ 1507ರವರೆಗೆ ಅಲ್ಲಿದ್ದ. ಜರ್ಮನ್ ವರ್ತಕರ ಚರ್ಚಿಗೆ ಒಂದು ದೊಡ್ಡ ಚಿತ್ರ ಬರೆದ. ಐದು ತಿಂಗಳ ಕೆಲಸ, ಸಂಭಾವನೆ 110 ಗುಲ್ಡನ್. ಆ ಹೊತ್ತಿನಲ್ಲಿ ಬೇರೆ ಕೆಲಸದಿಂದ 200 ಡ್ಯುಕಾಟ್ (ವೆನಿಸ್ಸಿನ ಚಿನ್ನದ ನಾಣ್ಯ) ಗಳಿಸಬಹುದಿತ್ತೆಂದು ಗೆಳೆಯ ಪಿರ್ಕ್‌ಹೈಮರನಿಗೆ ಬರೆದುಕೊಂಡ. ಆದರೂ ಆ ಚಿತ್ರವನ್ನು ಒಪ್ಪಿಕೊಂಡದ್ದಕ್ಕೆ ಕಾರಣ ಅದೇ ಕಾಗದಗಳಲ್ಲಿದೆ: ಇವನು ಕೆತ್ತುವುದರಲ್ಲಿ ಗಟ್ಟಿಗ, ಬಣ್ಣ ಹಚ್ಚಲು ಬಾರದವನು ಎಂದು ಅಲ್ಲಿನ ಚಿತ್ರಕಾರರು ಆಡಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿಸಿದ. ಆದರೆ ಆ ಗೆಲುವಿನ ಗುಂಗಿನಲ್ಲೇ ಊರಿಗೆ ಮರಳಿ, ಹೆಲ್ಲರನ ಆರ್ಡರನ್ನು 130 ಗುಲ್ಡನ್‌ಗೆ ಒಪ್ಪಿಕೊಂಡ.

ಎಡವಟ್ಟುಗಳು ಸಾಲಾಗಿ ಬಂದವು. ಮೊದಲು ಜ್ವರ. ಜ್ವರದಿಂದಾಗಿ ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದ ಸ್ಯಾಕ್ಸನಿಯ ದೊರೆ ಫ್ರೆಡ್ರಿಕ್‌ನ ಚಿತ್ರ ಹಿಂದೆ ಬಿತ್ತು. ಅದು ಮುಗಿಯುವವರೆಗೆ ಹೆಲ್ಲರನದಕ್ಕೆ ಕೈ ಹಾಕುವಂತಿಲ್ಲ. ಆ ದೊರೆಯ ಚಿತ್ರದ ಲೆಕ್ಕವನ್ನೂ ಡ್ಯೂರರ್ ಬರೆದಿಟ್ಟಿದ್ದಾನೆ: ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು, ಸಿಗುವುದು 280 ಗುಲ್ಡನ್, ಅದರ ಮೇಲೆ ಕೂತು ತಿಂದು ಕಳೆದದ್ದೇ ಸುಮಾರು ಅಷ್ಟಾಗುತ್ತದೆ. ಅಂದರೆ ಒಂದು ವರ್ಷದ ದುಡಿಮೆ ವರ್ಷದ ಊಟಕ್ಕೆ ಸಮ, ಉಳಿತಾಯ ಸೊನ್ನೆ. ಈ ಲೆಕ್ಕ 1508ರ ಮಾರ್ಚಿನಲ್ಲೇ ಅವನ ಕೈಯಲ್ಲಿತ್ತು. ಹೆಲ್ಲರನ ಕೆಲಸ ಶುರುಮಾಡುವ ಮೊದಲೇ ಬೆಲೆ ಮಾತಾಡಿಕೊಳ್ಳಲು ಅದು ಸರಿಯಾದ ಗಳಿಗೆ. ಆಡಲಿಲ್ಲ. ನವೆಂಬರಿನಲ್ಲಿ, ಚಿತ್ರ ಸಾಕಷ್ಟು ಮುಂದುವರಿದ ಮೇಲೆ, 200 ಬೇಕೆಂದ. ಹೆಲ್ಲರನಿಗೆ ಸಿಟ್ಟು ಬಂತು, ಮಧ್ಯಸ್ಥರ ಕಿವಿಗೆ ದೂರು ಬಿತ್ತು. ಡ್ಯೂರರ್ ಮುಂಗಡ ವಾಪಸು ಕೊಟ್ಟು ಚಿತ್ರ ಇಟ್ಟುಕೊಳ್ಳುತ್ತೇನೆಂದ. ಕೊನೆಗೆ 200 ಸಿಕ್ಕಿತು. ಸಂಬಂಧ ಉಳಿಯಿತು, ಆದರೆ ಎರಡು ವರ್ಷದ ಪತ್ರವ್ಯವಹಾರದಲ್ಲಿ ಎಷ್ಟು ದಿನ ಹಾಳಾಯಿತೆಂಬುದನ್ನು ಯಾರೂ ಬರೆದಿಡಲಿಲ್ಲ.

ಇಲ್ಲಿ ತಪ್ಪು ಪೂರ್ತಿ ಗಿರಾಕಿಯದೆಂದು ಹೇಳಲು ನಮಗೆ ಮನಸ್ಸಿಲ್ಲ. ದುಬಾರಿ ನೀಲಿಯಾದ ಅಲ್ಟ್ರಾಮರೀನನ್ನು ಐದಾರು ಸಲ ಪದರ ಪದರವಾಗಿ ಹಚ್ಚು ಎಂದು ಹೆಲ್ಲರ್ ಕೇಳಿರಲಿಲ್ಲ. ಮುಗಿದ ಮೇಲೆ ಮತ್ತೆ ಎರಡು ಸಲ ಕೈ ಆಡಿಸಿದ್ದೂ ಡ್ಯೂರರನ ಸ್ವಂತ ಹಟ. ಶುಚಿಯಾಗಿ ಇಟ್ಟುಕೊಂಡರೆ 500 ವರ್ಷ ಹೊಳಪು ಮಾಸುವುದಿಲ್ಲ ಎಂದು ಭರವಸೆ ಬೇರೆ. ಬೆಲೆ ಹಳೆಯದು, ಗುಣಮಟ್ಟ ದಿನದಿನಕ್ಕೆ ಏರುವಂಥದ್ದು. ಈ ಎರಡು ಒಂದೇ ಮನೆಯಲ್ಲಿ ಬಾಳಲಾರವು. ಕೆಲಸದ ನಡುವೆ ತಾನೇ ಮಟ್ಟ ಏರಿಸುವ ಸ್ವಭಾವ ಕಲಾವಿದನಿಗಿದ್ದರೆ, ಒಪ್ಪಂದದಲ್ಲಿ ಎರಡು ಮಾತು ಮೊದಲೇ ಇರಬೇಕು: ಎಷ್ಟು ತಿಂಗಳ ಕೆಲಸಕ್ಕೆ ಈ ಬೆಲೆ, ಮತ್ತು ಕರಡು ಮುಗಿದ ಹಂತದಲ್ಲಿ ಬೆಲೆ ಮತ್ತೊಮ್ಮೆ ಮಾತಾಡುವ ಹಕ್ಕು. ಮುಕ್ಕಾಲು ಕೆಲಸ ಆದ ಮೇಲೆ ಕೇಳಿದರೆ ಅದು ಗಿರಾಕಿಗೆ ಬೆದರಿಕೆಯಂತೆಯೇ ಕೇಳಿಸುತ್ತದೆ.

ಆ ಚಿತ್ರದ ಗತಿ: ನಡುಫಲಕ ಮುಂದೆ ಬವೇರಿಯಾದ ಅರಸರ ಕೈಸೇರಿ, 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. 500 ವರ್ಷದ ನೀಲಿ 220 ವರ್ಷ ಬಾಳಿತು. ಉಳಿದದ್ದು ಒಂದು ಪ್ರತಿಕೃತಿ, ಜೊತೆಗೆ ಚಿತ್ರಕ್ಕೆಂದು ಮಾಡಿಕೊಂಡಿದ್ದ ಅಭ್ಯಾಸದ ರೇಖಾಚಿತ್ರಗಳು. ಅವುಗಳಲ್ಲೊಂದು ನೀಲಿ ಬಳಿದ ಕಾಗದದ ಮೇಲೆ ಕುಂಚದಿಂದ ಬರೆದದ್ದು: ಜೋಡಿಸಿದ ಎರಡು ಕೈ, ಮಡಿಚಿದ ತೋಳಿನ ಅಂಚು, ಬೆರಳ ಗೆಣ್ಣುಗಳ ಮೇಲೆ ಬಿಳಿ ಗೆರೆಗಳ ಬೆಳಕು. ಇವತ್ತು ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ ಈ ‘ಪ್ರಾರ್ಥಿಸುವ ಕೈಗಳು’ ಡ್ಯೂರರನ ಹೆಸರು ಕೇಳದವರಿಗೂ ಗೊತ್ತು. ಹೆಲ್ಲರ್ ದುಡ್ಡು ಕೊಟ್ಟದ್ದು ಇದಕ್ಕಲ್ಲ.

ಎರಡು ಬಗೆಯ ಗಂಟೆ

ಡ್ಯೂರರ್ 1509ರ ಆ ಕಾಗದದಲ್ಲಿ ಮೂರು ಬಗೆಯ ಕೆಲಸವನ್ನು ಬೇರೆಬೇರೆ ಇಟ್ಟು ನೋಡಿದ. ಸಾಧಾರಣ ಚಿತ್ರಗಳನ್ನು ವರ್ಷಕ್ಕೊಂದು ರಾಶಿ ಮಾಡಬಹುದು, ಅದರಲ್ಲಿ ಲಾಭವಿದೆ. ಕೂದಲೆಳೆ ಬಿಡಿಸುವಂಥ ಸೂಕ್ಷ್ಮ ಚಿತ್ರಗಳಲ್ಲಿ ಲಾಭವಿಲ್ಲ. ಮೂರನೆಯದು ಕೆತ್ತನೆ. ಸೂಕ್ಷ್ಮತೆಯನ್ನು ಬಿಟ್ಟು ರಾಶಿ ಚಿತ್ರಗಳಿಗೆ ಇಳಿಯುವ ದಾರಿ ತೆರೆದೇ ಇತ್ತು. ಅವನು ಕೆತ್ತನೆಯನ್ನು ಹಿಡಿದ, ಯಾಕೆಂದರೆ ಸೂಕ್ಷ್ಮತೆಗೆ ಬೆಲೆ ಸಿಗುವ ಜಾಗ ಅದೊಂದೇ.

ಕಾರಣ ತಾಂತ್ರಿಕ. ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಬ್ಯೂರಿನ್ ಎಂಬ ಚೌಕಮೊನೆಯ ಉಳಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತಾರೆ. ಬಾಗಿದ ಗೆರೆ ಬೇಕಾದಾಗ ಉಳಿಯನ್ನಲ್ಲ, ತಗಡನ್ನೇ ತಿರುಗಿಸುವುದು. ಮೇಲೆದ್ದ ಲೋಹದ ಚೂರನ್ನು ಕೆರೆದು ತೆಗೆದು, ಗೆರೆಯೊಳಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಭಾರದ ರೋಲರುಗಳ ನಡುವೆ ಹಾಯಿಸಿದರೆ ಗೆರೆಯಲ್ಲಿದ್ದ ಮಸಿ ಕಾಗದಕ್ಕೇರುತ್ತದೆ. ತಿಂಗಳುಗಟ್ಟಲೆ ಕೂತು ಕೆತ್ತಿದ ಸೂಕ್ಷ್ಮತೆ ಒಂದು ಪ್ರತಿಯಲ್ಲಿ ಮುಗಿದುಹೋಗದೆ ನೂರಾರು ಪ್ರತಿಗಳಲ್ಲಿ ಹಂಚಿಕೊಳ್ಳುತ್ತದೆ. ಆದರೆ ತಗಡೂ ಅಕ್ಷಯಪಾತ್ರೆಯಲ್ಲ. ಪ್ರತಿ ಒರೆಸುವಿಕೆ, ಪ್ರತಿ ಒತ್ತಡಕ್ಕೂ ತೆಳುಗೆರೆಗಳು ಸವೆಯುತ್ತವೆ. ಒಳ್ಳೆಯ ಪ್ರತಿ ನೂರರ ಲೆಕ್ಕದಲ್ಲಿ ಬರುತ್ತದೆ, ಆಮೇಲೆ ನೆರಳು ಬೂದಾಗುತ್ತದೆ. ಮರದಚ್ಚು ಗಟ್ಟಿ, ಸಾವಿರಗಳಲ್ಲಿ ಬರುತ್ತದೆ, ಅಕ್ಷರದ ಮೊಳೆಗಳ ಜೊತೆಗೇ ಅದೇ ಮುದ್ರಣಯಂತ್ರದಲ್ಲಿ ಒತ್ತಬಹುದು. ಆದರೆ ಗೆರೆ ಅಷ್ಟು ನಯವಾಗದು.

1512ರಲ್ಲಿ ಡ್ಯೂರರ್ ಡ್ರೈಪಾಯಿಂಟ್ ಎಂಬ ಮೂರನೆಯ ದಾರಿಯನ್ನೂ ನೋಡಿದ. ಇದರಲ್ಲಿ ಸೂಜಿಯಿಂದ ಗೀಚಿದಾಗ ಏಳುವ ಲೋಹದ ಅಂಚನ್ನು ಕೆರೆಯದೆ ಬಿಡುತ್ತಾರೆ. ಅದು ಮಸಿ ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಚೆಲುವಿಗೆ ಎರಡು ಮಾತಿಲ್ಲ, ಆದರೆ ಯಂತ್ರದಡಿ ಆ ಅಂಚು ಬೇಗನೆ ಚಪ್ಪಟೆಯಾಗುತ್ತದೆ, ಚೆಂದದ ಪ್ರತಿಗಳು ಕೆಲವೇ. ಮೂರು ಮಾಡಿ ನಿಲ್ಲಿಸಿದ. 1515ರಿಂದ 1518ರ ನಡುವೆ ಕಬ್ಬಿಣದ ತಗಡನ್ನು ಆಮ್ಲದಲ್ಲಿ ಕೊರೆಸುವ ಎಚ್ಚಿಂಗ್ ಪ್ರಯತ್ನ. ಆರು ಮಾಡಿ ಅದನ್ನೂ ಬಿಟ್ಟ. ಗೆರೆ ಒರಟು, ಕಬ್ಬಿಣಕ್ಕೆ ತುಕ್ಕು. ಈ ಒಂಬತ್ತು ತಗಡುಗಳನ್ನು ಸೋಲೆಂದು ನಾವು ಎಣಿಸುವುದಿಲ್ಲ. ಪ್ರಯೋಗಕ್ಕೆ ಮೊದಲೇ ಮಿತಿ ಹಾಕಿಕೊಂಡವನಂತೆ ನಡೆದುಕೊಂಡ, ಅಷ್ಟೇ. ಹೊಸ ತಂತ್ರ ಕಲಿಯುವವರು ಸೋಲುವುದು ಇಲ್ಲಿಯೇ: ಸಾಲದಲ್ಲಿ ಸಲಕರಣೆ ತಂದು, ಹಾಕಿದ ದುಡ್ಡು ಮರಳಲಿ ಎಂದು ಮನಸ್ಸಿಗೊಗ್ಗದ ತಂತ್ರದಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ.

ಹಾಗಾದರೆ ಗಂಟೆಗಳಲ್ಲಿ ಎರಡು ಬಗೆ. ಒಮ್ಮೆ ಕೊಟ್ಟರೆ ಒಮ್ಮೆ ಮಾತ್ರ ದುಡ್ಡಾಗುವುದು ಒಂದು. ಒಮ್ಮೆ ಕೊಟ್ಟರೆ ಮುಂದೆ ಹತ್ತು ವರ್ಷ ತುಸುತುಸುವಾಗಿ ಮರಳುತ್ತಿರುವುದು ಇನ್ನೊಂದು. ತನ್ನ ಅಂಗಡಿಯಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯಲು ಯಾರಿಗಾದರೂ ಒಂದು ನೋಟುಪುಸ್ತಕ ಸಾಕು. ಆರು ತಿಂಗಳು ಪ್ರತಿ ಕೆಲಸಕ್ಕೂ ನಾಲ್ಕು ಕಾಲಂ: ಹಿಡಿದ ಗಂಟೆ, ಸಾಮಗ್ರಿಯ ಖರ್ಚು, ಬಂದ ಹಣ, ಮತ್ತು ಹೊಸ ಗಂಟೆ ಹಾಕದೆ ಇದು ಮತ್ತೆ ಮಾರಾಟವಾದೀತೇ ಎಂಬ ಹೌದು-ಇಲ್ಲ. ಮೊದಲ ಕಾಲಂನಲ್ಲೇ ಎಲ್ಲರೂ ತಪ್ಪುವುದು. ಕುಂಚ ಹಿಡಿದ ಹೊತ್ತನ್ನಷ್ಟೇ ಬರೆಯುತ್ತಾರೆ. ಗಿರಾಕಿಯೊಂದಿಗೆ ಮಾತು, ಚೌಕಾಸಿ, ಪ್ಯಾಕಿಂಗು, ತಿದ್ದುಪಡಿ, ಬಾಕಿ ವಸೂಲಿ ಯಾವುದೂ ಅಲ್ಲಿರುವುದಿಲ್ಲ. ನಾಲ್ಕನೆಯ ಕಾಲಂನಲ್ಲೂ ಒಂದು ಮೋಸವಿದೆ. ಒಂದೇ ವಿನ್ಯಾಸವನ್ನು ಪ್ರತಿ ಗಿರಾಕಿಗೂ ಬಣ್ಣ ಬದಲಿಸಿ, ಹೆಸರು ಸೇರಿಸಿ ಕೊಡುತ್ತಿದ್ದರೆ ಅದು ಅಚ್ಚಲ್ಲ, ಹೊಸ ಆರ್ಡರೇ. ಉತ್ತರ ‘ಇಲ್ಲ’ ಎಂದೇ ಬರೆಯಬೇಕು.

ಮಾರುವ ಕೈ

ಡ್ಯೂರರ್ ಕೆತ್ತುತ್ತ ಕೂತಿದ್ದಾಗ ಮಾರುತ್ತಿದ್ದವರು ಯಾರು? ಫ್ರಾಂಕ್‌ಫರ್ಟಿನ ಜಾತ್ರೆಗೆ ಅಚ್ಚುಚಿತ್ರಗಳ ಗಂಟು ಹೊತ್ತು ಹೋಗುತ್ತಿದ್ದವಳು ಹೆಂಡತಿ ಆಗ್ನೆಸ್. ಊರಿನ ಪರಿಷೆಯಲ್ಲಿ ಅಂಗಡಿ ಹಾಕುತ್ತಿದ್ದವಳು ತಾಯಿ ಬಾರ್ಬರಾ. ದೂರದೂರುಗಳಿಗೆ ಸಂಬಳದ ಮಾರಾಟಗಾರರು. ಗಂಡ ವೆನಿಸ್ಸಿನಲ್ಲಿದ್ದಾಗಲೂ ಈ ವ್ಯಾಪಾರ ನಿಂತಿರಲಿಲ್ಲ. ನಷ್ಟವೂ ಆಗಿದೆ: ಮಾರಾಟಗಾರನೊಬ್ಬ ರೋಮಿನಲ್ಲಿ ತೀರಿಕೊಂಡು ಅವನೊಂದಿಗೆ ಸರಕೂ ಹೋಯಿತೆಂದು ಡ್ಯೂರರ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ.

ಬೆಲೆ ಕಟ್ಟಿದ ಬಗೆಯನ್ನು ಹತ್ತಿರದಿಂದ ನೋಡಬೇಕು. 1520ರಲ್ಲಿ ಆಂಟ್ವರ್ಪಿನಲ್ಲಿ ಒಬ್ಬ ವ್ಯಾಪಾರಿಗೆ ಸಗಟು ಮಾರಿದ ಲೆಕ್ಕ ದಿನಚರಿಯಲ್ಲಿದೆ. ಪೂರ್ತಿ ಹಾಳೆಯ ಚಿತ್ರ ಗುಲ್ಡನ್‌ಗೆ 8, ಅರ್ಧ ಹಾಳೆಯದು 20, ಕಾಲು ಹಾಳೆಯದು 45. ಕಾಗದ ಅರ್ಧವಾದರೆ ಬೆಲೆ ಅರ್ಧವಾಗದೆ ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಕಾಲಾದರೆ ಐದನೆಯ ಒಂದಕ್ಕಿಂತ ತುಸು ಕೆಳಗೆ. ಸಣ್ಣದು ಕೊಂಡವನಿಗೆ ಅಗ್ಗವೆನ್ನಿಸುತ್ತದೆ, ದೊಡ್ಡದು ಕೊಂಡವನಿಗೆ ಗತ್ತು. ಪೂರ್ತಿ ಹಾಳೆಯೆಂದರೆ ‘ಆದಮ್ ಮತ್ತು ಈವ್’ನಂಥ ದೊಡ್ಡ ತಾಮ್ರಕೆತ್ತನೆಗಳು. ಅದೇ ವ್ಯಾಪಾರಿಗೆ ಮರದಚ್ಚಿನ ದೊಡ್ಡ ಪುಸ್ತಕಗಳು ಹೋದದ್ದು 32ಕ್ಕೆ 8 ಗುಲ್ಡನ್, ಅಂದರೆ ಗುಲ್ಡನ್‌ಗೆ ನಾಲ್ಕು. 15 ಚಿತ್ರದ ಪುಸ್ತಕವೆಂದು ಹಿಡಿದರೆ ಒಂದು ಗುಲ್ಡನ್‌ಗೆ 60 ಮರದಚ್ಚಿನ ಹಾಳೆ, ಆದರೆ ತಾಮ್ರದ್ದು ಎಂಟೇ. ಸವೆಯುವ ತಗಡಿಗೆ ಏಳೂವರೆ ಪಟ್ಟು ಬೆಲೆ. ಯಾವುದು ಎಷ್ಟು ಪ್ರತಿ ಬಂದೀತು ಎಂಬುದೇ ಬೆಲೆಯನ್ನು ನಿಶ್ಚಯಿಸಿತ್ತೆಂದು ನಮ್ಮ ಎಣಿಕೆ. ಇದೇ ದರದಲ್ಲಿ ಹೆಲ್ಲರನ 200 ಗುಲ್ಡನ್ ಎಂದರೆ 1,600 ಪೂರ್ತಿ ಹಾಳೆ. ಕಾಗದ, ಮಸಿ, ಕೂಲಿ ಕಳೆಯಬೇಕು, ನಿಜ. ಆದರೆ ಆ 1,600 ಮಾರಿದ ಮೇಲೂ ತಗಡುಗಳು ಮನೆಯಲ್ಲೇ ಇರುತ್ತವೆ, ಗೋಡೆಗೆ ಹೋದ ಚಿತ್ರ ವಾಪಸು ಬರುವುದಿಲ್ಲ.

ಆಗ್ನೆಸ್ ಬಗ್ಗೆ ಒಂದು ಮಾತು. ಡ್ಯೂರರ್ ಸತ್ತ ಮೇಲೆ ಪಿರ್ಕ್‌ಹೈಮರ್ ಬರೆದ ಕಾಗದವೊಂದರಲ್ಲಿ, ದುಡ್ಡಿನಾಸೆಗೆ ಹಗಲೂ ರಾತ್ರಿ ದುಡಿಸಿ ಗಂಡನನ್ನು ಕೊಂದವಳು ಇವಳೇ ಎಂಬರ್ಥದ ದೂರಿದೆ. ಶತಮಾನಗಟ್ಟಲೆ ಜನ ಅದನ್ನೇ ನಂಬಿದರು. ಜಾತ್ರೆಯ ಗದ್ದಲದಲ್ಲಿ ನಿಂತು ಕಾಲು ಹಾಳೆಗಳನ್ನು ಎಣಿಸಿ ಕೊಟ್ಟವಳಿಗೆ ಇದೇ ಬಳುವಳಿ. ನೋಟುಪುಸ್ತಕದಲ್ಲಿ ಐದನೆಯ ಕಾಲಂ ಒಂದಿದ್ದರೆ ಅದು ಮನೆಯವರು ಕೊಟ್ಟ, ಯಾರೂ ಬರೆದಿಡದ ಗಂಟೆಗಳಿಗಾಗಿ ಇರಬೇಕು.

ನಕಲು ಮತ್ತು ಗುರುತು

ಮಾರಾಟವಾಗುವುದನ್ನು ಕದಿಯುವವರು ಬಂದೇ ಬರುತ್ತಾರೆ. ಇಟಲಿಯ ಕೆತ್ತನೆಗಾರ ಮಾರ್ಕಾಂಟೋನಿಯೊ ರೈಮೊಂಡಿ ಡ್ಯೂರರನ ಮರದಚ್ಚುಗಳನ್ನು ತಾಮ್ರದಲ್ಲಿ ನಕಲಿಸಿದ, ದೊಡ್ಡ ‘ಎ’ಯ ಕಾಲುಗಳ ನಡುವೆ ಸಣ್ಣ ‘ಡಿ’ ಕೂತಿರುವ ಆ ಸಹಿಗುರುತಿನ ಸಮೇತ. ಡ್ಯೂರರ್ 1511ರಲ್ಲಿ ಮೂರು ದೊಡ್ಡ ಪುಸ್ತಕಗಳನ್ನೂ ಒಂದು ಸಣ್ಣದನ್ನೂ ಒಟ್ಟಿಗೆ ಹೊರತಂದಾಗ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಅಪ್ಪಣೆಯನ್ನು ಉಲ್ಲೇಖಿಸಿ, ಪರರ ದುಡಿಮೆಗೂ ಬುದ್ಧಿಗೂ ಕನ್ನ ಹಾಕುವವರಿಗೆ ಎಚ್ಚರಿಕೆ ಅಚ್ಚು ಹಾಕಿಸಿದ. 1512ರ ಜನವರಿಯಲ್ಲಿ ನ್ಯೂರೆಂಬರ್ಗಿನ ನಗರಸಭೆಯೆದುರು ಪರಸ್ಥಳದವನೊಬ್ಬ ಇಂಥ ನಕಲುಗಳನ್ನು ಮಾರುತ್ತಿದ್ದಾಗ ಸಭೆ ಕೊಟ್ಟ ಆದೇಶ ಗಮನಿಸುವಂಥದ್ದು: ಸಹಿಗುರುತು ತೆಗೆಯಬೇಕು, ಇಲ್ಲವಾದರೆ ಸರಕು ಜಪ್ತಿ. ಚಿತ್ರ ನಕಲಿಸಿದ್ದಕ್ಕೆ ಆಕ್ಷೇಪವಿಲ್ಲ, ಹೆಸರು ಕದ್ದದ್ದಕ್ಕೆ ಇದೆ. ಡ್ಯೂರರ್ ಇದರ ಹಿಂದೆ ಕೋರ್ಟು ಕಚೇರಿ ಅಲೆಯುತ್ತ ವರ್ಷಗಳನ್ನು ಸುಡಲಿಲ್ಲ. ನಕಲುಗಾರರ ಕೈಗೆ ನಿಲುಕದ ಕೆತ್ತನೆ ಮಾಡುತ್ತ ಹೋದ, ಮುಂದಿನ ಎರಡು ವರ್ಷದ ಕೆಲಸಗಳೇ ಅದಕ್ಕೆ ಸಾಕ್ಷಿ.

ಉರುಳುತ್ತಿದ್ದ ಕೆಲಸ, ನಿಂತುಹೋದ ಕೆಲಸ

1511ರ ಆ ದೊಡ್ಡ ಪುಸ್ತಕಗಳಲ್ಲಿ ಎರಡು ಹೊಸವು, ಆದರೆ ಹೊಸದಾಗಿ ಶುರುವಾದವಲ್ಲ. ಕ್ರಿಸ್ತನ ಯಾತನೆಯ ಸರಣಿಯ ಮೊದಲ ಅಚ್ಚುಗಳು 1490ರ ದಶಕದ ಕೊನೆಯವು. ಮೇರಿಯ ಬದುಕಿನ ಸರಣಿಯ ಬಹುಪಾಲು ವೆನಿಸ್ಸಿಗೆ ಹೋಗುವ ಮೊದಲೇ ಆಗಿತ್ತು. ಆರ್ಡರುಗಳ ನಡುವೆ ಬಿಡುವಾದಾಗ ಒಂದು, ಆಮೇಲೆ ಇನ್ನೊಂದು, ಬಿಡಿಯಾಗಿಯೂ ಮಾರಾಟ, ಹತ್ತು ವರ್ಷದ ಮೇಲೆ ಉಳಿದದ್ದನ್ನು ಮುಗಿಸಿ ಪುಸ್ತಕ. ದೊಡ್ಡ ಸ್ವಂತ ಕೆಲಸಕ್ಕೆ ಒಂದು ವರ್ಷ ಪೂರ್ತಿ ರಜೆ ಸಿಗಲಿ ಎಂದು ಕಾಯುವವರು ಇದನ್ನು ಗಮನಿಸಬೇಕು. ತುಂಡುತುಂಡಾಗಿ ಮಾಡಬಲ್ಲ, ಪ್ರತಿ ತುಂಡೂ ತಾನೇ ನಿಲ್ಲಬಲ್ಲ ಯೋಜನೆಯನ್ನೇ ಆರಿಸಿಕೊಂಡದ್ದು ಅವನ ಜಾಣ್ಮೆ.

ಹೆಲ್ಲರನಿಗೆ ಆಡಿದ ಶಪಥವನ್ನು ಅವನು ಅಕ್ಷರಶಃ ಪಾಲಿಸಲಿಲ್ಲವೆಂಬುದನ್ನೂ ಹೇಳಬೇಕು. 1511ರಲ್ಲಿ ಇನ್ನೊಂದು ಚರ್ಚುಚಿತ್ರ ಮುಗಿಸಿದ, ಅದೂ ಅತಿ ಸೂಕ್ಷ್ಮವಾಗಿ. ಚಟ ಬಿಡುವುದು ಸುಲಭವಲ್ಲ. ಆದರೆ ಅದರ ನಂತರ ಕೆಲವು ವರ್ಷ ದೊಡ್ಡ ಬಣ್ಣದ ಕೆಲಸ ಹಿಂದೆ ಸರಿದು ತಗಡು ಮುಂದೆ ಬಂತು. 1513ರಲ್ಲಿ ಕುದುರೆಯೇರಿದ ಯೋಧ, 1514ರಲ್ಲಿ ಕೋಣೆಯಲ್ಲಿ ಕೂತು ಬರೆಯುವ ಸಂತ ಜೆರೋಮ್, ಅದೇ ವರ್ಷ ವಿಷಾದ ಎಂಬರ್ಥದ ‘ಮೆಲೆಂಕೋಲಿಯಾ’. ಮೊದಲು ಹೇಳಿದ ಮೂರು ತಾಮ್ರಕೆತ್ತನೆಗಳು ಇವೇ.

‘ಮೆಲೆಂಕೋಲಿಯಾ’ವನ್ನು ಕೆಲಸಗಾರನ ಕಣ್ಣಿಂದ ನೋಡಿದರೆ ಅದೊಂದು ನಿಂತುಹೋದ ಕಾರ್ಯಶಾಲೆ. ರೆಕ್ಕೆಯುಳ್ಳ ದೊಡ್ಡ ಆಕೃತಿ ಗಲ್ಲಕ್ಕೆ ಮುಷ್ಟಿ ಕೊಟ್ಟು ಕೂತಿದೆ. ತೊಡೆಯ ಮೇಲೆ ಕೈವಾರ, ಆದರೆ ಗೆರೆ ಎಳೆಯುತ್ತಿಲ್ಲ. ಕಾಲ ಬಳಿ ಗರಗಸ, ಉಜ್ಜುಗೊರಡು, ಮೊಳೆಗಳು ಚೆಲ್ಲಾಡಿವೆ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಹಣದ ಚೀಲ. ಪಕ್ಕದಲ್ಲಿ ಬಡಕಲು ನಾಯಿ. ಗೋಡೆಯಲ್ಲಿ ಹದಿನಾರು ಮನೆಗಳ ಮಾಯಾಚೌಕ. ಅಡ್ಡ, ಉದ್ದ, ಮೂಲೆ ಹೇಗೆ ಕೂಡಿದರೂ 34, ಕೆಳಸಾಲಿನ ನಡುವೆ 15 ಮತ್ತು 14 ಕೂತು ವರ್ಷ ಹೇಳುತ್ತವೆ. ಸಲಕರಣೆ ಎಲ್ಲ ಇದೆ, ವಿದ್ಯೆ ಇದೆ, ದುಡ್ಡಿದೆ, ಕೆಲಸ ಸಾಗುತ್ತಿಲ್ಲ. ಪಂಡಿತರು ಇದಕ್ಕೆ ನೂರು ಅರ್ಥ ಹೇಳುತ್ತಾರೆ, ಹೇಳಲಿ. ಅದೇ ವರ್ಷ ಮೇ ತಿಂಗಳಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಕೈ ನಿಂತ ಸ್ಥಿತಿಯನ್ನೇ ಕೈ ನಿಲ್ಲಿಸದೆ ಕೆತ್ತಿದ್ದಾನೆ ಎಂಬುದಷ್ಟು ನಮಗೆ ಕಾಣುತ್ತದೆ.

ವರ್ಷಾಶನ ಎಂಬ ಬಲೆ

ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ಕೆಲಸ 1512ರ ಹೊತ್ತಿಗೆ ಶುರುವಾಯಿತು. ಕಾಗದದ ಮೇಲಿನ ವಿಜಯದ್ವಾರವೊಂದು: 190ಕ್ಕೂ ಹೆಚ್ಚು ಮರದಚ್ಚುಗಳು ಸೇರಿ ಸುಮಾರು ಮೂರೂವರೆ ಮೀಟರ್ ಎತ್ತರ, ಹಲವು ಕಲಾವಿದರ ಕೈ. ಮೂರು ವರ್ಷ ಸಂಬಳವಿಲ್ಲದೆ ದುಡಿದೆನೆಂದು ಡ್ಯೂರರ್ ಅಲವತ್ತುಕೊಂಡ ಮೇಲೆ 1515ರಲ್ಲಿ ವರ್ಷಕ್ಕೆ 100 ಗುಲ್ಡನ್ ವರ್ಷಾಶನ ಮಂಜೂರಾಯಿತು. ಗೊತ್ತಾದ ಆದಾಯ ಬಂದದ್ದು ದೊಡ್ಡ ನೆಮ್ಮದಿ. ಆದರೆ ಅರಮನೆಯ ಕೆಲಸದ ಆ ವರ್ಷಗಳಲ್ಲಿ 1514ರ ಮಟ್ಟದ ತಾಮ್ರಕೆತ್ತನೆ ಮತ್ತೊಂದು ಹುಟ್ಟಲಿಲ್ಲವೆಂಬುದೂ ನಮ್ಮ ಅಭಿಪ್ರಾಯ. 1519ರ ಜನವರಿಯಲ್ಲಿ ಚಕ್ರವರ್ತಿ ಸತ್ತ. ಹೊಸ ಚಕ್ರವರ್ತಿಯ ಒಪ್ಪಿಗೆಯಿಲ್ಲದೆ ಕೊಡಲಾಗದೆಂದು, ಈ ಹಣ ಕೊಡುತ್ತಿದ್ದ ನಗರಸಭೆ ಅದನ್ನು ನಿಲ್ಲಿಸಿತು.

1520ರ ಜುಲೈಯಲ್ಲಿ ಆಗ್ನೆಸ್ ಮತ್ತು ಕೆಲಸದವಳೊಂದಿಗೆ ನೆದರ್ಲೆಂಡ್ಸಿಗೆ ಹೊರಟದ್ದು ಆ ಒಪ್ಪಿಗೆಗಾಗಿ. ಅಚ್ಚುಚಿತ್ರಗಳ ಮೂಟೆಯೇ ಪ್ರಯಾಣದ ಖರ್ಚು. ನವೆಂಬರಿನಲ್ಲಿ ಹೊಸ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸಹಿ ಸಿಕ್ಕಿತು. ಆದರೂ ಒಂದು ವರ್ಷದ ಲೆಕ್ಕ ಕೂಡಿದಾಗ ಎಲ್ಲದರಲ್ಲೂ ನಷ್ಟ ಎಂದು ದಿನಚರಿಯಲ್ಲಿ ಬರೆದ. ಹೆಚ್ಚಿನ ಪಾಲು ಉಡುಗೊರೆಗಳಿಂದ. ಅಲ್ಲಿನ ಆಡಳಿತ ನಡೆಸುತ್ತಿದ್ದ ರಾಜಕುಮಾರಿ ಮಾರ್ಗರೆಟಳಿಗೆ ಕೊಟ್ಟದ್ದಕ್ಕೂ ಮಾಡಿಕೊಟ್ಟದ್ದಕ್ಕೂ ಏನೂ ಮರಳಲಿಲ್ಲವೆಂದು ಹೆಸರು ಹಿಡಿದೇ ಬರೆದಿದ್ದಾನೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ದಡಕ್ಕೆ ಬಿದ್ದ ತಿಮಿಂಗಿಲ ನೋಡಲು ಚಳಿಗಾಲದಲ್ಲಿ ಝೀಲೆಂಡಿಗೆ ಹೋದ. ಹೋಗುವಷ್ಟರಲ್ಲಿ ಅಲೆ ಅದನ್ನು ಎಳೆದೊಯ್ದಿತ್ತು. ಅಲ್ಲಿಂದ ತಂದದ್ದು ಒಂದು ಜ್ವರ, ಅದು ಮುಂದೆ ಅವನನ್ನು ಪೂರ್ತಿ ಬಿಡಲೇ ಇಲ್ಲ.

ಇದೇ ಪ್ರಯಾಣದಲ್ಲಿ, ಬ್ರಸೆಲ್ಸಿನಲ್ಲಿ, ಮೆಕ್ಸಿಕೊದಿಂದ ಬಂದ ಒಂದು ಮಾರು ಅಗಲದ ಚಿನ್ನದ ಸೂರ್ಯ, ಅಷ್ಟೇ ದೊಡ್ಡ ಬೆಳ್ಳಿಯ ಚಂದ್ರ ಕಂಡ. ಬದುಕಿನಲ್ಲಿ ಮನಸ್ಸಿಗೆ ಇಷ್ಟು ಹಿಗ್ಗು ತಂದದ್ದು ಇನ್ನೊಂದಿಲ್ಲವೆಂದು ಬರೆದ. ಎಷ್ಟು ಬೆಲೆ ಬಾಳುತ್ತದೆಂಬ ಅಂದಾಜನ್ನೂ ಪಕ್ಕದಲ್ಲೇ ಬರೆದ. ಅಕ್ಕಸಾಲಿಯ ಮಗನಲ್ಲವೇ!

ಉಳಿದ ಗಂಟೆಗಳು

1524ರಲ್ಲಿ ನಗರಸಭೆಗೆ ಡ್ಯೂರರ್ ಬರೆದ ಕಾಗದ ಅವನ ವ್ಯಾಪಾರದ ಕೊನೆಯ ದೊಡ್ಡ ದಾಖಲೆ. ಮೂವತ್ತು ವರ್ಷದಲ್ಲಿ ಈ ಊರಿನವರಿಂದ ಬಂದ ಕೆಲಸ 500 ಗುಲ್ಡನ್ ಕೂಡ ಆಗಲಿಲ್ಲ, ಗಳಿಸಿದ್ದೆಲ್ಲ ಹೊರಗಿನಿಂದ. ವೆನಿಸ್ ವರ್ಷಕ್ಕೆ 200 ಡ್ಯುಕಾಟ್, ಆಂಟ್ವರ್ಪ್ 300 ಗುಲ್ಡನ್ ಮತ್ತು ಮನೆ ಕೊಡುತ್ತೇವೆಂದಿದ್ದವು, ಊರಿನ ಮೇಲಿನ ಪ್ರೀತಿಗೆ ಬಿಟ್ಟೆ. ಈಗ ಕಷ್ಟಪಟ್ಟು ಉಳಿಸಿದ 1,000 ಗುಲ್ಡನ್ ಇದೆ, ಸಭೆ ಇದನ್ನಿಟ್ಟುಕೊಂಡು ವರ್ಷಕ್ಕೆ 50 ಬಡ್ಡಿ ಕೊಡಲಿ. ಸಭೆ ಒಪ್ಪಿತು. 1509ರಲ್ಲಿ ಕೈತಪ್ಪಿತೆಂದಿದ್ದ ಮೊತ್ತವೇ ಹದಿನೈದು ವರ್ಷದ ಮೇಲೆ ಗಂಟಾಗಿ ಕೂತಿತ್ತು.

100 ವರ್ಷಾಶನ, 50 ಬಡ್ಡಿ, ಹಳೆಯ ತಗಡು ಮತ್ತು ಅಚ್ಚುಗಳಿಂದ ಆಗ್ನೆಸ್ ತರುವ ಹಣ. ಇದರ ಆಸರೆಯಲ್ಲಿ ಅವನು ಹಿಡಿದ ಕೆಲಸ 1500ರ ಸುಮಾರಿಗೇ ಶುರುವಾದದ್ದು. ಆಗ ಇಟಲಿಯ ಚಿತ್ರಕಾರ ಯಾಕೊಪೊ ದೆ ಬಾರ್ಬರಿ ಅಳತೆಯಿಂದ ಕಟ್ಟಿದ ಗಂಡು ಹೆಣ್ಣಿನ ಆಕೃತಿಗಳನ್ನು ತೋರಿಸಿ, ಸೂತ್ರ ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಡ್ಯೂರರ್ ತಾನೇ ಹುಡುಕಲು ಕೂತ. 1504ರ ‘ಆದಮ್ ಮತ್ತು ಈವ್’ ಆ ಹುಡುಕಾಟದ ಫಲ. ಅದರ ಅರೆಬರೆ ಪರೀಕ್ಷಾಪ್ರತಿಗಳು ಉಳಿದಿವೆ. ಹಿಂದಿನ ಕಾಡೆಲ್ಲ ದಟ್ಟವಾಗಿ ಮುಗಿದಿದೆ, ಮುಂದೆ ದೇಹಗಳು ಬಹುಪಾಲು ಬರೀ ಹೊರಗೆರೆ. ಖಚಿತವಿಲ್ಲದ್ದನ್ನು ಕೊನೆಗಿಟ್ಟು ಕಾದಿದ್ದಾನೆ. 1525ರಲ್ಲಿ ರೇಖಾಗಣಿತದ ಪುಸ್ತಕ, 1527ರಲ್ಲಿ ಕೋಟೆ ಕಟ್ಟುವ ಬಗ್ಗೆ, ಆಮೇಲೆ ಮನುಷ್ಯದೇಹದ ಪ್ರಮಾಣದ ನಾಲ್ಕು ಭಾಗ. ಇವುಗಳಲ್ಲಿ ಕೊನೆಯದು ಪೂರ್ತಿ ಅಚ್ಚಾಗುವ ಮೊದಲೇ, 1528ರ ಏಪ್ರಿಲ್ 6ರಂದು ತೀರಿಕೊಂಡ. 6,000ಕ್ಕೂ ಹೆಚ್ಚು ಗುಲ್ಡನ್ ಆಸ್ತಿ ಬಿಟ್ಟುಹೋಗಿದ್ದ.

ಆ ಬೇಸಗೆಯಲ್ಲಿ ಅಚ್ಚು ಕೆತ್ತುವ ಹಿರೋನಿಮಸ್ ಆಂಡ್ರೆಯೆಯೂ ಚಿತ್ರಕಾರ ಸೆಬಾಲ್ಡ್ ಬೆಹಾಮನೂ ಇದೇ ಬಗೆಯ ಪುಸ್ತಕವೊಂದನ್ನು ಮೊದಲೇ ಹೊರತರಲು ಹವಣಿಸಿದರು. ಡ್ಯೂರರನ ಪುಸ್ತಕ ಬರುವವರೆಗೆ ಅದು ಹೊರಬೀಳಕೂಡದೆಂದು ನಗರಸಭೆ ತಡೆಯಿತು. ಅಕ್ಟೋಬರಿನ ಕೊನೆಗೆ ಪುಸ್ತಕ ಬಂತು. ಹೊರತಂದವಳು ವಿಧವೆ ಆಗ್ನೆಸ್.